ಟೀಚರಮ್ಮ ವಿಧಾನಸಭೆಗೆ ಹೋದಾಗ

“ಹುಡುಗಿ ಏನು ಓದಿದ್ದಾಳೆ?” ಎಂದು ಸಂಬಂಧ ನೋಡಲು ಬಂದವರು ಕೇಳುತ್ತಾರೆ. “ಬಿ.ಎಡ್. ಆಗಿದೆ” ಎಂದರೆ ಎಲ್ಲರಿಗೂ ಸಮಾಧಾನ. ಟೀಚರ್ ಕೆಲಸ ಮರ್ಯಾದೆಯದ್ದು, ಸಂಜೆ ಹೊತ್ತಿಗೆ ಮನೆ ಸೇರಬಹುದು, ಮಕ್ಕಳಿಗೆ ರಜೆ ಇದ್ದಾಗ ತಾಯಿಗೂ ರಜೆ. ಈ ಲೆಕ್ಕಾಚಾರ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸಹೋದರಿಯರೇ, ಈ ಕೆಲಸದ ಬೆಲೆ ಇಷ್ಟೇ ಏನು? ನೆರೆಯ ಕೇರಳದ ಒಬ್ಬ ಟೀಚರ್‌ನ ಬದುಕನ್ನು ನಿಮ್ಮ ಮುಂದಿಟ್ಟು ಈ ಪ್ರಶ್ನೆ ಕೇಳಬೇಕೆನಿಸಿದೆ.

ಕೆ.ಕೆ. ಶೈಲಜಾ ಅವರ ಹೆಸರನ್ನು ನೀವು ಕೇಳಿರುತ್ತೀರಿ. 1956ರಲ್ಲಿ ಹುಟ್ಟಿದ ಅವರು ಕಣ್ಣೂರು ಜಿಲ್ಲೆಯವರು. ಶಿವಪುರಂ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದರು. 1996ರಲ್ಲಿ ಸಿಪಿಎಂ ಪಕ್ಷದಿಂದ ಕೂತುಪರಂಬ ಕ್ಷೇತ್ರದಲ್ಲಿ ಗೆದ್ದು ಶಾಸಕಿಯಾದರು. ಆದರೂ ಶಿಕ್ಷಕಿಯ ಕೆಲಸವನ್ನು ಒಮ್ಮೆಲೇ ಬಿಡಲಿಲ್ಲ. 2004ರಲ್ಲಿ ಸ್ವಯಂ ನಿವೃತ್ತಿ ಪಡೆದು ಪೂರ್ಣಾವಧಿ ರಾಜಕೀಯಕ್ಕೆ ಬಂದರು. 2006ರಲ್ಲಿ ಪೇರಾವೂರಿನಲ್ಲಿ ಗೆದ್ದರು, 2011ರಲ್ಲಿ ಅಲ್ಲೇ ಸೋತರು. 2016ರಲ್ಲಿ ಮತ್ತೆ ಕೂತುಪರಂಬದಿಂದ ಗೆದ್ದು ಆರೋಗ್ಯ ಸಚಿವೆಯಾದರು. ಸಚಿವೆಯಾದ ಮೇಲೂ ಜನ ಅವರನ್ನು ಕರೆದದ್ದು ‘ಶೈಲಜಾ ಟೀಚರ್’ ಎಂದೇ.

ಅವರ ಪಕ್ಷದ ರಾಜಕೀಯ ನಿಮಗೆ ಒಪ್ಪಿಗೆಯಾಗಬೇಕೆಂದೇನೂ ಇಲ್ಲ. ನಾವಿಲ್ಲಿ ನೋಡಬೇಕಾದುದು ಅವರು ಕೆಲಸ ಮಾಡಿದ ರೀತಿಯನ್ನು.

2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಸಮೀಪದ ಚಂಗರೋತ್ ಗ್ರಾಮದ ಒಂದು ಮುಸ್ಲಿಂ ಕುಟುಂಬದಲ್ಲಿ ಒಬ್ಬರ ಹಿಂದೆ ಒಬ್ಬರು ಜ್ವರದಿಂದ ತೀರಿಕೊಂಡರು. ವೈದ್ಯರಿಗೆ ಸಂಶಯ ಬಂದು ಮಾದರಿಯನ್ನು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದರು. ಅದು ನಿಪಾ ವೈರಸ್ ಎಂದು ಗೊತ್ತಾಯಿತು. ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ರೋಗಿಯ ಆರೈಕೆ ಮಾಡಿದ್ದ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ, ಇಬ್ಬರು ಪುಟ್ಟ ಮಕ್ಕಳ ತಾಯಿ, ಪ್ರಾಣ ಕಳೆದುಕೊಂಡರು. ಊರಿನವರು ಮನೆ ಬಿಟ್ಟು ಹೋಗತೊಡಗಿದರು. ಆಗ ಸಚಿವೆ ಶೈಲಜಾ ಆ ಗ್ರಾಮಕ್ಕೇ ಹೋದರು. ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಜನರಿಗೆ ಬಿಡಿಸಿ ಹೇಳಿದರು. ರೋಗಿಗಳ ಸಂಪರ್ಕಕ್ಕೆ ಬಂದಿದ್ದ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಪಟ್ಟಿ ತಯಾರಾಯಿತು. ಯಾರಿಗೆ ಜ್ವರ ಬಂತು, ಯಾರಿಗೆ ಬರಲಿಲ್ಲ ಎಂದು ವಿಚಾರಿಸುತ್ತಾ ಹೋದರು. ತರಗತಿಯಲ್ಲಿ ಹಾಜರಿ ಕರೆಯುವ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ? 17 ಜೀವಗಳು ಹೋದವು. ಆದರೆ ಕೆಲವೇ ವಾರಗಳಲ್ಲಿ ರೋಗ ನಿಂತಿತು.

ಇನ್ನೊಂದು ವಿಷಯವನ್ನು ನಾವು ಮರೆಯಬಾರದು. ಮೃತರ ಮಯ್ಯತ್ತಿನಿಂದಲೂ ಸೋಂಕು ತಗಲುವ ಭಯವಿತ್ತು, ಸುಡುವುದೇ ಕ್ಷೇಮ ಎಂಬ ಮಾತು ಬಂದಿತ್ತು. ಮನೆಯವರ ದುಃಖದ ಮೇಲೆ ಇನ್ನೊಂದು ದುಃಖ! ಕೊನೆಗೆ ಎಬೋಲಾ ಕಾಯಿಲೆಯಲ್ಲಿ ಅನುಸರಿಸುವ ಕ್ರಮದಂತೆ ಕೋಝಿಕ್ಕೋಡಿನ ಕಣ್ಣಂಪರಂಬ ಕಬರಸ್ಥಾನದಲ್ಲಿ ಆಳವಾದ ಗುಂಡಿ ತೋಡಿ ದಫನ ಮಾಡಲಾಯಿತು. ವಿಜ್ಞಾನವೂ ಉಳಿಯಿತು, ಮನೆಯವರ ಮನಸ್ಸೂ ಉಳಿಯಿತು. ಹೆದರಿದವರನ್ನು ಗದರಿಸದೆ ದಾರಿ ಹುಡುಕುವವರಿಗೆ ಮಾತ್ರ ಇದು ಸಾಧ್ಯ.

ಆ ಪಾಠ 2020ರಲ್ಲಿ ಉಪಯೋಗಕ್ಕೆ ಬಂತು. ದೇಶದ ಮೊದಲ ಕೊರೋನಾ ಪ್ರಕರಣ ಜನವರಿ 30ರಂದು ತ್ರಿಶೂರಿನಲ್ಲಿ ಪತ್ತೆಯಾಯಿತು. ಚೀನಾದ ಸುದ್ದಿ ಓದಿದ ಕೂಡಲೇ ಅವರ ಇಲಾಖೆ ಸಿದ್ಧತೆ ಆರಂಭಿಸಿತ್ತು. ಪರೀಕ್ಷೆಯ ದಿನ ಪುಸ್ತಕ ತೆರೆಯುವ ಮಕ್ಕಳನ್ನು ಬಹಳ ಕಂಡ ಟೀಚರ್ ತಾನು ಹಾಗೆ ಮಾಡಲಿಲ್ಲ. ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿ ಕಾಣದಾದದ್ದು ನಮ್ಮ ಕರಾವಳಿಯವರಿಗೆ ನೆನಪಿರಬಹುದು. ಆಗ ಉಕ್ಕಿನಡ್ಕದಲ್ಲಿ ಕಟ್ಟುತ್ತಿದ್ದ ಮೆಡಿಕಲ್ ಕಾಲೇಜನ್ನು ಕೆಲವೇ ದಿನಗಳಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆಯಲಾಯಿತು.

ಎಲ್ಲವೂ ಸರಿಯಿತ್ತೆಂದು ಹೇಳಿದರೆ ಅನ್ಯಾಯವಾದೀತು. ಕೇರಳದಲ್ಲಿ ಕೊರೋನಾ ಸಾವುಗಳ ಲೆಕ್ಕ ಕಡಿಮೆ ತೋರಿಸಲಾಗಿದೆ ಎಂಬ ಟೀಕೆ ಬಂತು. ಪಿಪಿಇ ಕಿಟ್‌ಗಳನ್ನು ಹೆಚ್ಚಿನ ಬೆಲೆಗೆ ಖರೀದಿಸಿದ ಬಗ್ಗೆ ಸಿಎಜಿ ವರದಿ 2025ರಲ್ಲಿ ಆಕ್ಷೇಪ ಎತ್ತಿತು. ಕಿಟ್ ಸಿಗದ ಕಾಲದಲ್ಲಿ ಜೀವ ಉಳಿಸಲು ಕೊಂಡದ್ದು ಎಂಬುದು ಅವರ ಉತ್ತರ. ಅಧಿಕಾರದಲ್ಲಿ ಕೂತವರು ಇಂಥ ಪ್ರಶ್ನೆಗಳಿಗೆ ಉತ್ತರಿಸಲೇಬೇಕು. ಟೀಚರ್ ಎಂಬ ಕಾರಣಕ್ಕೆ ಯಾರಿಗೂ ವಿನಾಯಿತಿ ಇಲ್ಲ.

2021ರಲ್ಲಿ ಮಟ್ಟನ್ನೂರಿನ ಜನ ಅವರನ್ನು 60,963 ಮತಗಳ ಅಂತರದಿಂದ ಗೆಲ್ಲಿಸಿದರು. ಆದರೂ ಹೊಸ ಮಂತ್ರಿಮಂಡಲದಲ್ಲಿ ಸ್ಥಾನ ಸಿಗಲಿಲ್ಲ. ದೇಶವೇ ಆಶ್ಚರ್ಯಪಟ್ಟಿತು. ಅವರು ಪಕ್ಷದ ತೀರ್ಮಾನ ಎಂದು ಒಪ್ಪಿ ಶಾಸಕಿಯಾಗಿ ಮುಂದುವರಿದರು. 2022ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಪಕ್ಷದೊಂದಿಗೆ ಚರ್ಚಿಸಿ ಬೇಡವೆಂದರು. 2024ರ ಲೋಕಸಭಾ ಚುನಾವಣೆಯಲ್ಲಿ ವಡಗರದಲ್ಲಿ ಲಕ್ಷಕ್ಕೂ ಮಿಕ್ಕ ಮತಗಳಿಂದ ಸೋತರು. ಹೊಗಳಿದ ಜನರೇ ಸೋಲಿಸಲೂಬಹುದು. ರಾಜಕೀಯಕ್ಕೆ ಹೋಗುವ ಹೆಣ್ಣುಮಗಳು ಇದನ್ನೂ ತಿಳಿದೇ ಹೋಗಬೇಕು.

ಈಗ ನಮ್ಮ ಮನೆಗೆ ಬರೋಣ. ಅರ್ಥವಾಗದವನಿಗೆ ಮೂರನೇ ಸಲ ತಾಳ್ಮೆಯಿಂದ ಹೇಳುವುದು, ಐವತ್ತು ಮಂದಿಯಲ್ಲಿ ಯಾರು ಬಂದಿಲ್ಲ ಎಂದು ಗಮನಿಸುವುದು, ಲೆಕ್ಕ ಬರೆದಿಡುವುದು, ಮೊದಲೇ ತಯಾರಾಗುವುದು. ಇವು ನಮ್ಮ ಹೆಣ್ಣುಮಕ್ಕಳು ದಿನವೂ ಶಾಲೆಯಲ್ಲಿ, ಮದ್ರಸದಲ್ಲಿ, ಅಂಗನವಾಡಿಯಲ್ಲಿ ಮಾಡುವ ಕೆಲಸಗಳು. ಒಂದು ರಾಜ್ಯದ ಆರೋಗ್ಯ ಇಲಾಖೆ ನಡೆಸಲೂ ಇವೇ ಬೇಕಾದವು. ಹಾಗಿರುವಾಗ ಗ್ರಾಮ ಪಂಚಾಯತ್‌ನಲ್ಲಿ ಮಹಿಳಾ ಮೀಸಲಾತಿ ಬಂದಾಗ ಹೆಂಡತಿಯ ಹೆಸರಿನಲ್ಲಿ ನಾಮಪತ್ರ ಹಾಕಿ, ಗೆದ್ದ ಮೇಲೆ ಗಂಡನೇ ಹೋಗಿ ಕೂರುವುದೇಕೆ? “ಅವಳಿಗೇನು ಗೊತ್ತು?” ಎನ್ನುವುದೇಕೆ?

ಶಾಲಾಭಿವೃದ್ಧಿ ಸಮಿತಿಯ ಸಭೆಗೆ, ಗ್ರಾಮಸಭೆಗೆ ಈ ಸಲ ನೀವೇ ಹೋಗಿ. ಮೊದಲ ದಿನ ಸುಮ್ಮನೆ ಕೂತು ಕೇಳಿದರೂ ಸಾಕು. ಎರಡನೇ ಸಭೆಯಲ್ಲಿ ಶಾಲೆಯ ಶೌಚಾಲಯಕ್ಕೆ ನೀರು ಏಕಿಲ್ಲ ಎಂದು ಕೇಳಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬಿ.ಎಡ್. ಮುಗಿಸಿದ ಮಗಳು ಸಂಜೆ ಬೇಗ ಮನೆಗೆ ಬರಲಿ, ಸಂತೋಷ. ಊರಿನ ಕೆಲಸಕ್ಕೆ ಅವಳು ಹೊರಟ ದಿನ ಬಾಗಿಲಲ್ಲಿ ಅಡ್ಡ ನಿಲ್ಲುವವರು ಮಾತ್ರ ನಾವಾಗುವುದು ಬೇಡ.