ಕಡಲಿಗೆ ನಾಳೆಯೂ ಇದೆ

ಮಕ್ಕಳೇ, ನಿಮಗೆ ಬೇಸಿಗೆಯಲ್ಲಿ ರಜೆ. ನಮ್ಮ ಕಡಲಿಗೆ ಮಳೆಗಾಲದಲ್ಲಿ ರಜೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೊಡ್ಡ ಬೋಟುಗಳು ಮೀನು ಹಿಡಿಯುವಂತಿಲ್ಲ. ಬಹಳಷ್ಟು ಮೀನುಗಳು ಮೊಟ್ಟೆಯಿಡುವ ಕಾಲ ಅದು. ನಮ್ಮದು ಚಿಕ್ಕ ನಾಡದೋಣಿ, ಅದಕ್ಕೆ ಈ ನಿಷೇಧ ಇಲ್ಲ. ಆದರೆ ಸರ್ಕಾರ ಬಿಟ್ಟರೂ ಗಂಗೊಳ್ಳಿಯ ಅಳಿವೆ ಬಿಡಬೇಕಲ್ಲ!

ಅಳಿವೆ ಎಂದರೆ ಹೊಳೆ ಕಡಲು ಸೇರುವ ಬಾಯಿ. ಇಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ಹೊಳೆಗಳು ಒಟ್ಟಾಗಿ ಕಡಲಿಗೆ ಬೀಳುತ್ತವೆ. ಹೊಳೆ ತಂದ ಮರಳು ನೀರಿನಡಿ ದಿಬ್ಬ ಕಟ್ಟುತ್ತದೆ. ದಿಬ್ಬದ ಮೇಲೆ ಅಲೆ ಎದ್ದು ಒಡೆಯುತ್ತದೆ. ಭರತದ ಹೊತ್ತಿನಲ್ಲಿ ದಾಟಬಹುದು. ಇಳಿತ ಶುರುವಾಯಿತೆಂದರೆ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ನುಗ್ಗುತ್ತದೆ. ಎರಡೂ ಡಿಕ್ಕಿ ಹೊಡೆದಾಗ ಅಲೆ ಗೋಡೆಯಂತೆ ನೆಟ್ಟಗಾಗುತ್ತದೆ. ಚಿಕ್ಕ ದೋಣಿ ಮಗುಚುವುದು ಅಲ್ಲಿಯೇ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ದೋಣಿ ಮಡಲಿನ ಚಪ್ಪರದಡಿ ಮಲಗಿರುತ್ತದೆ. ನಾವಿಬ್ಬರೂ ಬಲೆ ಹೆಣೆಯುತ್ತೇವೆ, ಒಣಮೀನು ಮಾರುತ್ತೇವೆ, ಅಂಗಡಿಯಲ್ಲಿ ಸಾಲ ಬರೆಸುತ್ತೇವೆ.

ನಾವಿಬ್ಬರು ಎಂದರೆ ನಾನು ಮತ್ತು ಮನೆಯವರು. ನಮ್ಮ ಕಡೆ ಹೆಂಗಸರು ಮೀನು ಮಾರುವುದು ವಾಡಿಕೆ, ಕಡಲಿಗೆ ಹೋಗುವುದು ಅಪರೂಪ. ಮಗ ದೊಡ್ಡ ಬೋಟಿಗೆ ಹೋದ ಮೇಲೆ ಇವರ ಜೊತೆಗೆ ಆಳು ಸಿಗಲಿಲ್ಲ, ನಾನೇ ಹತ್ತಿದೆ. ಕೇರಳದ ತೃಶ್ಶೂರು ಕಡೆಯ ಕೆ.ಸಿ. ರೇಖಾ ಎಂಬುವರೂ ಹೀಗೇ, ಆಳು ಸಿಗದಾಗ ಗಂಡನ ಜೊತೆ ಕಡಲಿಗಿಳಿದವರು. 2017ರಲ್ಲಿ ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಆ ದಂಪತಿಯನ್ನು ಕರೆದು ಸನ್ಮಾನಿಸಿತು. ಆ ಸುದ್ದಿ ಓದಿದ ದಿನ ನನಗೆ ಒಳಗೊಳಗೇ ಹಿಗ್ಗು.

ನಾನು ಮೊದಲ ಸಲ ದೋಣಿ ಹತ್ತಿದಾಗ ಅತ್ತೆ ಒಂದು ಕರಾರು ಹಾಕಿದ್ದರು. “ಇಬ್ಬರಲ್ಲಿ ಯಾರು ‘ತಿರುಗುವ’ ಅಂದರೂ ದೋಣಿ ತಿರುಗಬೇಕು. ಯಾಕೆ ಎಂದು ಕಡಲಿನಲ್ಲಿ ಕೇಳಬಾರದು, ಮನೆಗೆ ಬಂದು ಕೇಳಬೇಕು.”

ಈ ವರ್ಷ ಸೆಪ್ಟೆಂಬರ್ ಕೊನೆಗೆ, ಹುಣ್ಣಿಮೆ ಕಳೆದ ಎರಡನೇ ದಿನ ಹೊರಟೆವು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ ಎಷ್ಟು ಎತ್ತರ, ಗಾಳಿ ಎಷ್ಟು ಎಂದು ಮೀನುಗಾರರಿಗೆ ಮುಂಚಿತವಾಗಿ ತಿಳಿಸುತ್ತದೆ. ಹಿಂದಿನ ರಾತ್ರಿ ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಓದಿ ಹೇಳಿದಳು. ತೊಂದರೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಭರತ ತುಂಬುವ ದಿನ. ಏಳಕ್ಕೆ ಲೈಫ್ ಜಾಕೆಟ್ ಹಾಕಿಕೊಂಡು, ಅಳಿವೆಗೆ ಕೈಮುಗಿದು ದಾಟಿದೆವು. ನಾಲ್ಕು ತಿಂಗಳ ಮೇಲೆ ಉಪ್ಪುಗಾಳಿ ಮುಖಕ್ಕೆ ಹೊಡೆದಾಗ ಇವರು ಚಿಕ್ಕ ಹುಡುಗನಂತೆ ನಕ್ಕರು.

ಮಳೆಗಾಲದ ಗಾಳಿ ಮೇಲಿನ ನೀರನ್ನು ದೂರ ತಳ್ಳಿದಾಗ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರಲ್ಲಿ ಸತ್ವ ಹೆಚ್ಚು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅಲ್ಲಿ ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿನ್ನಲು ಬೂತಾಯಿ, ಬಂಗುಡೆ ಹಿಂಡು ಹಿಂಡಾಗಿ ಬರುತ್ತವೆ. ರಜೆ ಮುಗಿದ ಮೇಲೆ ಕಡಲಿನಲ್ಲಿ ಮೀನು ಕಾಣುವುದು ಸುಮ್ಮನೆ ಅಲ್ಲ.

ನಮ್ಮದು ಬೀಡುಬಲೆ. ನೀರಿನಲ್ಲಿ ಪರದೆಯಂತೆ ನಿಲ್ಲುತ್ತದೆ. ಮೀನು ತಲೆ ತೂರಿಸಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಸಣ್ಣ ಮೀನು ಕಣ್ಣಿಯಿಂದ ದಾಟಿ ಹೋಗುತ್ತದೆ, ಹೋಗಬೇಕು ಕೂಡ. ಬಂಗುಡೆ ಕನಿಷ್ಠ 14 ಸೆಂ.ಮೀ. ಇರಬೇಕು ಎಂದು ಕೊಚ್ಚಿಯ ಅದೇ ಸಂಸ್ಥೆ ಹೇಳಿದೆ. ನಿಮ್ಮ ಕಂಪಾಸ್ ಬಾಕ್ಸಿನ ಸ್ಕೇಲು 15 ಸೆಂ.ಮೀ. ಇರುತ್ತದಲ್ಲ, ಅದಕ್ಕಿಂತ ಒಂದೇ ಒಂದು ಸೆಂಟಿಮೀಟರ್ ಕಡಿಮೆ.

ಮೊದಲ ಸಲ ಎಳೆದಾಗ ಐದಾರು ಕಿಲೋ ಬಂಗುಡೆ, ನಾಲ್ಕು ಕಾಣೆ. ಎರಡನೇ ಸಲ ಬಲೆ ಬಿಟ್ಟಾಗ ಹಕ್ಕಿಗಳು ನೀರಿಗೆ ಧುಮುಕತೊಡಗಿದವು. ಕೆಳಗೆ ಹಿಂಡು ಇದೆ ಎಂದು ಅರ್ಥ. ಇವರ ಕಣ್ಣು ಅರಳಿತು. ಸೀಮೆಎಣ್ಣೆಯ ಖರ್ಚು, ಅಂಗಡಿಯ ಸಾಲ ಎಲ್ಲ ಒಂದೇ ದಿನದಲ್ಲಿ ತೀರುವಂತಿತ್ತು.

ಆಗ ನಾನು ನೆಲದ ಕಡೆ ನೋಡಿದೆ. ಬೆಳಿಗ್ಗೆ ನಿಚ್ಚಳವಾಗಿದ್ದ ಕೊಡಚಾದ್ರಿ ಇಲ್ಲ! ಅಲ್ಲಿ ಬರೀ ಕಪ್ಪು. ಗಾಳಿಯೂ ನೆಲದ ಕಡೆಯಿಂದ ತಣ್ಣಗೆ ಬೀಸತೊಡಗಿತು.

“ಹ್ವಾಯ್, ತಿರ್ಗುವ” ಎಂದೆ.

ಇವರು ಹಕ್ಕಿಗಳನ್ನೊಮ್ಮೆ ನೋಡಿದರು, ಬಲೆಯನ್ನೊಮ್ಮೆ ನೋಡಿದರು. ಏನೂ ಕೇಳಲಿಲ್ಲ. ಬಲೆ ಎಳೆಯತೊಡಗಿದರು. ಅದರಲ್ಲಿ ಹತ್ತು ಹನ್ನೆರಡು ಮೀನು ಅಷ್ಟೇ. ಭರತ ಇರುವಾಗಲೇ ಅಳಿವೆ ದಾಟಿ ದೋಣಿ ಕಟ್ಟಿದೆವು.

ಮಳೆ ಬಂತು. ಕಾಲು ಗಂಟೆ ಹೊಡೆದು ನಿಂತಿತು! ಬಿಸಿಲೂ ಬಂತು. ಸಂಜೆ ಹೊತ್ತಿಗೆ, ಅಲ್ಲೇ ನಿಂತಿದ್ದ ದೊಡ್ಡ ದೋಣಿಯವರು ಬುಟ್ಟಿಗಟ್ಟಲೆ ಬಂಗುಡೆ ಇಳಿಸಿದರು.

ಮೊಮ್ಮಗಳಿಗೆ ತಡೆಯಲಾಗಲಿಲ್ಲ. “ಅಜ್ಜ, ನೀವೂ ಅಲ್ಲೇ ಇದ್ದಿದ್ರೆ ನಮ್ಗೂ ಅಷ್ಟ್ ಸಿಕ್ತಿತ್ತಲ್ದಾ?”

“ಸಿಕ್ತಿತ್ತ್ ಮಗಾ” ಎಂದರು ಇವರು. “ಆರೆ ಅದು ಸಣ್ಣ ಮಳೆ ಅಂದೇಳಿ ಗೊತ್ತಾದ್ದ್ ದಡಕ್ಕೆ ಬಂದ್ಮೇಲೆ.”

ನನಗೆ ಆ ಮಾತು ಬಹಳ ಹಿಡಿಸಿತು. ತಿರುಗಿ ಬಂದದ್ದು ಸರಿಯೋ ಎಂದು ತೂಗುವಾಗ ಆಮೇಲೆ ಏನಾಯಿತು ಎಂದು ನೋಡುವುದಲ್ಲ. ಆ ಹೊತ್ತಿನಲ್ಲಿ ಕಣ್ಣಿಗೆ ಏನು ಕಂಡಿತ್ತು ಎಂದು ನೋಡಬೇಕು. ಅಂದು ಇವರು ಒಂದು ಸಲ “ಯಾಕೆ?” ಎಂದು ರೇಗಿದ್ದರೆ, ಮುಂದಿನ ಸಲ ನಿಜವಾದ ಬಿರುಗಾಳಿ ಕಂಡಾಗಲೂ ಹೇಳಲು ನಾನು ಹಿಂಜರಿಯುತ್ತಿದ್ದೆ. ಸಿಗದೆ ಹೋದ ಬಂಗುಡೆಗಿಂತ ಆ ಧೈರ್ಯ ನನಗೆ ದೊಡ್ಡದು.

ಅಂಗಡಿಯ ಸಾಲ ಇನ್ನೂ ಇದೆ. ವಾರದಲ್ಲಿ ಮೂರು ದಿನ ಹೋಗುತ್ತಿದ್ದೇವೆ, ನಿಧಾನಕ್ಕೆ ತೀರುತ್ತಿದೆ.

ಮಕ್ಕಳೇ, ಈ ಸಲ ಕಡಲ ತೀರಕ್ಕೆ ಬಂದರೆ ಅಜ್ಜ ಅಜ್ಜಿಯ ಜೊತೆ ದಡದಲ್ಲಿ ಕುಳಿತು, ಭರತ ಯಾವ ಹೊತ್ತಿಗೆ ತುಂಬಿತು ಎಂದು ಬರೆದಿಡಿ. ಮರುದಿನ ಮತ್ತೆ ನೋಡಿ. ಸುಮಾರು 50 ನಿಮಿಷ ತಡವಾಗಿರುತ್ತದೆ. ಚಂದ್ರ ದಿನಾ ತಡವಾಗಿ ಹುಟ್ಟುವುದಕ್ಕೂ ಇದಕ್ಕೂ ಏನು ನಂಟು ಎಂದು ನಿಮ್ಮ ಮಾಸ್ತರರನ್ನು ಕೇಳಿ.