ಮೈಲೇಜು ನುಂಗಿದ್ದು ಯಾರು?

ಮಂಡ್ಯದ ಗ್ಯಾರೇಜುಗಳಲ್ಲಿ ಎಂಜಿನ್ನಿನದೇ ಪಂಚಾಯ್ತಿ. ‘ಕಾರು ಮೊದಲಿನಂಗೆ ಮೈಲೇಜು ಕೊಡ್ತಿಲ್ಲ’ ಎಂಬ ಹಳೇ ಗಾಡಿಯವರ ದೂರು ಬರೀ ಗೊಣಗಾಟವಲ್ಲ. 2025ರ ಹೊತ್ತಿಗೆ ಪೆಟ್ರೋಲಿಗೆ ಶೇ. 20 ಎಥನಾಲ್ ಬಿತ್ತು. ಎಥನಾಲಿನ ಕಸುವು ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೇ ಕಾರಿನ ಮೈಲೇಜು ಶೇ. 6-7, ಇದಕ್ಕೆಂದೇ ಹೊಂದಿಸಿದ ಕಾರಿನದು ಶೇ. 1-2 ಇಳಿದೀತೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಗ್ರಾಹಕನ ನಷ್ಟ ತುಂಬಲು ತೆರಿಗೆ ರಿಯಾಯಿತಿ ಪರಿಶೀಲಿಸಿ ಎಂದೂ ಬರೆದಿತ್ತು. ಬಂಕಿನ ಬಿಲ್ಲಿನಲ್ಲಿ ಆ ರಿಯಾಯಿತಿ ಕಂಡವರುಂಟೇ?

ಕಬ್ಬಿನ ಸೀಮೆಯಲ್ಲಿ ಎಥನಾಲ್ ಬೇಡ ಅನ್ನೋರಾರು? ರೈತನಿಗೆ ನಾಲ್ಕು ಕಾಸು ಸಿಗಲಿ. ಆದರೆ ಹೊರೆಯೆಲ್ಲ ಹಳೇ ಟ್ಯಾಕ್ಸಿಯವನ ತಲೆಗೇ ಯಾಕೆ, ಸ್ವಾಮಿ?

ವಾಹನದವರೂ ಬಾಯಿಲೆಕ್ಕ ಬಿಡಲಿ. ಫುಲ್ ಟ್ಯಾಂಕ್ ಹಾಕಿಸಿ ಮೀಟರ್ ಬರೆದಿಡಿ. ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಕೇಳುವಾಗ ಕೈಯಲ್ಲಿ ಚೀಟಿ ಇರಲಿ.