ಮುಚ್ಚಿಟ್ಟ ತಪ್ಪು

ಶವವು ಮನೆಯೊಳಗಿರುವಾಗ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಆದರೆ ಆಚಾರಭ್ರಷ್ಟನಾದ ನಾರಣಪ್ಪನಿಗೆ ಸಂಸ್ಕಾರವನ್ನು ಮಾಡತಕ್ಕವರು ಯಾರು? ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆಗೆದ ‘ಸಂಸ್ಕಾರ’ ಚಲನಚಿತ್ರವು ಈ ಪ್ರಶ್ನೆಯಿಂದ ಮೊದಲಾಗುವುದು. ಮೊದಲು ಸೆನ್ಸಾರ್ ಮಂಡಳಿಯು ತಡೆದ ಈ ಚಿತ್ರಕ್ಕೇ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಸಂದಿತು.

ಉತ್ತರ ಹೇಳಬೇಕಾದವರು ಪ್ರಾಣೇಶಾಚಾರ್ಯರು. ಆ ಪಾತ್ರವನ್ನು ವಹಿಸಿದವರು ಗಿರೀಶ ಕಾರ್ನಾಡರು. ಆಚಾರ್ಯರು ಗ್ರಂಥಗಳಲ್ಲಿ ಹುಡುಕಿ, ಮಾರುತಿಯನ್ನು ಬೇಡಿ, ಬರಿಗೈಯಲ್ಲಿ ಹಿಂದಿರುಗುವಾಗ, ಸತ್ತವನ ಸಂಗಾತಿ ಚಂದ್ರಿಯೊಡನೆ ತಾವೇ ಎಡವುತ್ತಾರೆ. ಅನಂತರ ಊರೂರು ಅಲೆಯುವ ಅವರನ್ನು ತಪ್ಪಿಗಿಂತಲೂ ಹೆಚ್ಚಾಗಿ ಬಾಧಿಸುವುದು, ಜಾತ್ರೆಯ ಜನದಲ್ಲಿ ಯಾರಾದರೂ ಗುರುತಿಸಿಯಾರೆಂಬ ನಡುಕ. ಪಂಡಿತರು ತರ್ಕಿಸುತ್ತಿರಲು ಶವಕ್ಕೆ ಬೆಂಕಿಯಿಡಿಸಿದವಳಾದರೋ ಚಂದ್ರಿಯೇ.

ಸಂತೆಯನ್ನು ಹೆಸರಿನಲ್ಲೇ ಹೊತ್ತ ಸಂತೆಕಲ್ಲೂರಿನ ಗೃಹಸ್ಥರಿಗೂ ಈ ನಡುಕವು ಅಪರಿಚಿತವಾಗಿರಲಾರದು. ಮಗನೋ ಮಗಳೋ ತಪ್ಪಿದಾಗ ‘ಜನ ಏನೆಂದಾರು’ ಎಂದು ನಾವೆಲ್ಲರೂ ಬಾಗಿಲು ಮುಚ್ಚುತ್ತೇವೆ. ಒಳಗೆ ಬೇಯುವ ಜೀವವನ್ನು ಕಾಣೆವು. ಹೇಳಿಕೊಳ್ಳುವ ಧೈರ್ಯವೂ ಕೇಳುವ ತಾಳ್ಮೆಯೂ ಇರುವ ಮನೆಯಲ್ಲಿ ಧರ್ಮವು ನಿಂತೀತೆಂದು ನಾವು ನಂಬಿದ್ದೇವೆ. ವಾಚಕರು ತಮ್ಮ ಮನೆಯನ್ನು ಒಮ್ಮೆ ನೋಡಿಕೊಳ್ಳಲಿ.